‘ಟೆಸ್ಟ್ ಆಗಿರುತ್ತೆ ಅಪ್ಪಾ’ ಅಂದರೆ ಏನು ಟೆಸ್ಟ್? ಯಾರ ಮೇಲೆ?

ಓದುಗರ ಪ್ರಶ್ನೆ: ನಾನು ಹಾಸನದವನು, ನಿವೃತ್ತ ಪ್ರೌಢಶಾಲಾ ಶಿಕ್ಷಕ. ಹಬ್ಬಕ್ಕೆ ಮುಂಚೆ ನಮ್ಮ ಬಡಾವಣೆಯ ಹಿಂದಿನ ಮೈದಾನದಲ್ಲಿ ಗುಂಪು ಚದುರಿಸುವ ಅಣಕು ಪ್ರದರ್ಶನ ನಡೆಯಿತು. ಎರಡು ಮೂರು ಅಶ್ರುವಾಯು ಶೆಲ್ ಹಾರಿಸಿದರು. ಗಾಳಿ ನಮ್ಮ ಕಡೆಗೆ ತಿರುಗಿತು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿಗೆ ಮೊದಲೇ ಆಸ್ತಮಾ. ಕಣ್ಣುರಿ ಅರ್ಧ ಗಂಟೆಯಲ್ಲಿ ಹೋಯಿತು, ಕೆಮ್ಮು ಮತ್ತು ಎದೆ ಬಿಗಿತ ಎರಡು ದಿನ ಬಿಡಲಿಲ್ಲ. ಮಾರನೇ ದಿನ ಮೊಮ್ಮಗ ಮೈದಾನದಿಂದ ಒಂದು ಖಾಲಿ ಶೆಲ್ ಆರಿಸಿಕೊಂಡು ಬಂದ. ಅದರ ಮೇಲಿನ ಅಕ್ಷರ ಅರ್ಧ ಸುಟ್ಟಿತ್ತು, ತಯಾರಾದ ವರ್ಷ ಓದಲಾಗಲಿಲ್ಲ. ನನ್ನ ಎರಡನೇ ಮಗ ಸಶಸ್ತ್ರ ಮೀಸಲು ಪಡೆಯಲ್ಲಿ ಕಾನ್‌ಸ್ಟೆಬಲ್. ಫೋನಿನಲ್ಲಿ ಕೇಳಿದರೆ “ಅದಕ್ಕೆಲ್ಲ ಟೆಸ್ಟ್ ಆಗಿರುತ್ತೆ ಅಪ್ಪಾ, ಏನೂ ಆಗಲ್ಲ” ಅಂದ. ಏನು ಟೆಸ್ಟ್, ಯಾರ ಮೇಲೆ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ. ರಬ್ಬರ್ ಗುಂಡಿನಿಂದ ಜೀವ ಹೋಗಲ್ಲ ಅನ್ನುತ್ತಾರೆ, ಅವಧಿ ಮೀರಿದ ಶೆಲ್ ವಿಷವಾಗುತ್ತೆ ಅನ್ನುತ್ತಾರೆ. ಯಾವುದು ನಿಜ? ಇವನ್ನು ಹಿಡಿಯುವ ನನ್ನ ಮಗನಿಗೂ, ಎದುರಿಗೆ ನಿಲ್ಲುವ ಇನ್ಯಾರದೋ ಮಕ್ಕಳಿಗೂ ಏನಾಗಬಹುದು ಅಂತ ತಿಳಿಸಿ.

ಉತ್ತರ:

ಮೇಷ್ಟ್ರೇ, ಮೊದಲು ಮನೆಯವರ ವಿಷಯ. ಎರಡು ದಿನ ಎದೆ ಬಿಗಿತ ಇತ್ತು ಅಂದರೆ ಅದನ್ನು ‘ಹೋಯಿತಲ್ಲ’ ಅಂತ ಬಿಡಬೇಡಿ. ಒಮ್ಮೆ ಎದೆರೋಗ ತಜ್ಞರಿಗೆ ತೋರಿಸಿ, ಊದುವ ಪರೀಕ್ಷೆ ಮಾಡಿಸಿ, ಆ ದಿನ ಹೊಗೆ ಕುಡಿದದ್ದನ್ನು ಚೀಟಿಯಲ್ಲಿ ಬರೆಸಿ. ಮೊಮ್ಮಗ ತಂದ ಶೆಲ್ಲನ್ನು ಬರಿಗೈಯಲ್ಲಿ ಮುಟ್ಟಬೇಡಿ, ಒಳಗೋಡೆಗೆ ಪುಡಿ ಅಂಟಿಕೊಂಡಿರುತ್ತದೆ. ಅವನ ಕೈ ಸೋಪು ಹಾಕಿ ತೊಳೆಸಿ, ಅವತ್ತು ಹಾಕಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆಸಿ. ಇನ್ನೊಮ್ಮೆ ಮೈದಾನದಲ್ಲಿ ಸಿಡಿಯದೆ ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ 112ಕ್ಕೆ ಫೋನ್ ಮಾಡಲು ಹೇಳಿಕೊಡಿ. ಖಾಲಿ ಯಾವುದು, ಸಿಡಿಯದೆ ಉಳಿದದ್ದು ಯಾವುದು ಅಂತ ಮಗುವಿಗೆ ತಿಳಿಯುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ನಾನು ಫೊರೆನ್ಸಿಕ್ ಮೆಡಿಸಿನ್ ವಿಭಾಗದ ವೈದ್ಯ. ಇಪ್ಪತ್ತಕ್ಕೂ ಹೆಚ್ಚು ವರ್ಷ ಗಾಯ ನೋಡಿ ಪ್ರಮಾಣಪತ್ರ ಬರೆದಿದ್ದೇನೆ. ಲಾಠಿ ಏಟು ತಿಂದವರೂ ಬಂದಿದ್ದಾರೆ, ಕಲ್ಲೇಟು ತಿಂದ ಪೊಲೀಸರೂ ಬಂದಿದ್ದಾರೆ. ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಟೆಸ್ಟ್ ಆಗಿರುತ್ತದೆ. ಆದರೆ ಆ ಟೆಸ್ಟ್ ಕೇಳುವ ಪ್ರಶ್ನೆ ಬೇರೆ, ನೀವು ಕೇಳುತ್ತಿರುವುದು ಬೇರೆ.

ಮೊದಲು ಹೆಸರು ನೋಡಿ. ಅಶ್ರುವಾಯು ವಾಯುವೇ ಅಲ್ಲ. ಅದರಲ್ಲಿರುವ ಸಿ.ಎಸ್. ಅನ್ನುವುದು ಬಿಳಿ ಪುಡಿ. 1928ರಲ್ಲಿ ಅದನ್ನು ಕಂಡುಹಿಡಿದ ಕಾರ್ಸನ್ ಮತ್ತು ಸ್ಟೌಟನ್ ಎಂಬ ಇಬ್ಬರು ರಸಾಯನವಿಜ್ಞಾನಿಗಳ ಹೆಸರಿನ ಮೊದಲಕ್ಷರವೇ ಸಿ ಮತ್ತು ಎಸ್. ಶೆಲ್ಲಿನೊಳಗಿನ ಮದ್ದು ಉರಿದಾಗ ಆ ಪುಡಿ ನವಿರಾದ ಹೊಗೆಯಾಗಿ ಏಳುತ್ತದೆ, ತಣ್ಣಗಾಗುತ್ತ ಕೆಳಗೆ ಕೂರುತ್ತದೆ. ಮನೆಯಲ್ಲಿ ಖಾರದ ಪುಡಿಗೆ ಮೆಣಸಿನಕಾಯಿ ಹುರಿದಾಗ ಘಾಟು ಹೊಡೆದು ಬೀದಿಯವರೆಲ್ಲ ಕೆಮ್ಮುತ್ತಾರಲ್ಲ, ಇದೂ ಹೆಚ್ಚುಕಡಿಮೆ ಹಾಗೇ. ನರದ ತುದಿಯಲ್ಲಿ ನೋವು ತಿಳಿಸುವ ಬಾಗಿಲನ್ನು ಬಡಿಯುತ್ತದೆ. ಈಚೆಗೆ ಬಂದಿರುವ ‘ಪಾವಾ’ ಶೆಲ್ಲಿನಲ್ಲಿರುವುದಂತೂ ಮೆಣಸಿನಕಾಯಲ್ಲೇ ಅತ್ಯಲ್ಪ ಪ್ರಮಾಣದಲ್ಲಿ ಸಿಗುವ ವಸ್ತು. ಲಕ್ನೋದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆ ಅದರ ಮೇಲೆ ಕೆಲಸ ಮಾಡಿತ್ತು. 2016ರಲ್ಲಿ ಕಾಶ್ಮೀರದಲ್ಲಿ ಸಣ್ಣ ಲೋಹದ ಕಾಳು ಸಿಡಿಸುವ ಪೆಲೆಟ್ ಗನ್ನಿನಿಂದ ಕಣ್ಣು ಕಳೆದುಕೊಂಡವರ ಸುದ್ದಿ ಬರತೊಡಗಿದ ಮೇಲೆ ಕೇಂದ್ರ ಅದನ್ನು ಪರ್ಯಾಯವಾಗಿ ತಂದಿತು.

ಸಿ.ಎಸ್. ಎಷ್ಟು ಅಪಾಯ ಅನ್ನುವ ಲೆಕ್ಕ ಬಂದದ್ದು ಎರಡು ಕಡೆಯಿಂದ. ಒಂದು, ಪ್ರಯೋಗಶಾಲೆಯ ಪ್ರಾಣಿಗಳು. ಇನ್ನೊಂದು, ಸೈನ್ಯದ ಆರೋಗ್ಯವಂತ ಹುಡುಗರು. ಸಾಯಿಸುವ ಪ್ರಮಾಣಕ್ಕೂ ಕಣ್ಣು ಬಿಡಲಾಗದಂತೆ ಮಾಡುವ ಪ್ರಮಾಣಕ್ಕೂ ನಡುವೆ ಸಾವಿರಾರು ಪಟ್ಟು ಅಂತರ ಕಂಡಿತು, ‘ಸುರಕ್ಷಿತ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಬಯಲಲ್ಲಿ, ಗಾಳಿಯಾಡುವ ಜಾಗದಲ್ಲಿ, ತಪ್ಪಿಸಿಕೊಂಡು ಹೋಗಲು ದಾರಿಯಿರುವ ಇಪ್ಪತ್ತೆರಡು ವರ್ಷದವನಿಗೆ ಆ ಮಾತು ಬಹುಮಟ್ಟಿಗೆ ನಿಜವೂ ಹೌದು. ಆದರೆ ಅರವತ್ತು ದಾಟಿದ, ಆಸ್ತಮಾ ಇರುವ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹೆಂಗಸು ಆ ಪರೀಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ಆ ಹುಡುಗರಿಗೂ ಪೂರ್ತಿ ನಿರಪಾಯ ಅಂತಲ್ಲ. ಅಮೆರಿಕದ ಸೈನ್ಯದಲ್ಲಿ ತರಬೇತಿಗೆಂದು ಸಿ.ಎಸ್. ಕೋಣೆಗೆ ಹೊಕ್ಕು ಬಂದ 6,723 ಮಂದಿಯನ್ನು ಹಿಂಬಾಲಿಸಿ ನೋಡಿದಾಗ, ನಂತರದ ದಿನಗಳಲ್ಲಿ ಉಸಿರಾಟದ ಕಾಯಿಲೆ ಮೊದಲಿಗಿಂತ ಸುಮಾರು 2.4 ಪಟ್ಟು ಹೆಚ್ಚಿತ್ತು. 2014ರಲ್ಲಿ ಪ್ರಕಟವಾದ ಅಧ್ಯಯನ ಅದು.

ಅವಧಿ ಮೀರಿದ ಶೆಲ್ ವಿಷವಾಗುತ್ತದೆ ಅನ್ನುವುದು ಅರ್ಧ ತಿಳಿದವರ ಮಾತು. ಸಿ.ಎಸ್. ಪುಡಿ ಅಷ್ಟು ಬೇಗ ಕೆಡುವ ವಸ್ತುವಲ್ಲ. ಕೆಡುವುದು ಅದರ ಸುತ್ತ ಇರುವ ಮದ್ದು, ತಡವಾಗಿ ಹೊತ್ತಿಸುವ ಬತ್ತಿ, ಮುಚ್ಚಳದ ಬಿಗಿ. ಶೆಲ್ಲಿಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಅವಧಿ ಕೊಡುವುದು ಅದಕ್ಕೇ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲ ನಿಮಗೆ ಹೇಳಬೇಕಿಲ್ಲ, ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಅಂಥ ಥಂಡಿಯಲ್ಲಿ ವರ್ಷಗಟ್ಟಲೆ ಇಟ್ಟ ಮದ್ದು ತಡವಾಗಿ ಹೊತ್ತಬಹುದು, ಬೇಗ ಹೊತ್ತಬಹುದು, ಹೊಗೆ ಬಿಡುವ ಬದಲು ಧಗ್ಗೆಂದು ಉರಿಯಬಹುದು, ನೂರು ಮೀಟರ್ ಹೋಗಬೇಕಾದ್ದು ಐವತ್ತಕ್ಕೇ ಬೀಳಬಹುದು. ಅದರ ಮೊದಲ ಅಪಾಯ ಎದುರಿನ ಗುಂಪಿಗಲ್ಲ, ಗನ್ ಹಿಡಿದ ನಿಮ್ಮ ಮಗನಿಗೆ. ದಿನಾಂಕ ನೋಡದೆ ಶೆಲ್ ತುಂಬಬೇಡ ಅಂತ ಅವನಿಗೆ ಹೇಳಿ. ಆ ಹಕ್ಕು ಅವನಿಗಿದೆ.

ರಬ್ಬರ್ ಗುಂಡಿಗೆ ಜೀವ ಹೋಗಲ್ಲ ಅನ್ನುವುದು ಮಾತ್ರ ಶುದ್ಧ ತಪ್ಪು. ಜೀವ ಹೋಗಿದೆ. 1970ರಲ್ಲಿ ಬ್ರಿಟಿಷ್ ಸೇನೆ ಉತ್ತರ ಐರ್ಲೆಂಡಿನಲ್ಲಿ ರಬ್ಬರ್ ಗುಂಡು ತಂದಿತು. ನೆಲಕ್ಕೆ ಹೊಡೆದು ಪುಟಿಸಿ ಕಾಲಿಗೆ ತಾಗಿಸಬೇಕು ಅನ್ನುವುದು ನಿಯಮ. ಪುಟಿದ ರಬ್ಬರು ಎತ್ತ ಹೋಗುತ್ತದೆ ಅಂತ ಯಾರು ಹೇಳಬಲ್ಲರು? ರಬ್ಬರ್, ಆಮೇಲೆ ಬಂದ ಪ್ಲಾಸ್ಟಿಕ್, ಎರಡೂ ಸೇರಿ ಅಲ್ಲಿ 17 ಜನ ಸತ್ತರು. ಅವರಲ್ಲಿ ಹಲವರು ಮಕ್ಕಳು. 2017ರಲ್ಲಿ ಹಲವು ದೇಶಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಂಥ ಗುಂಡಿನಿಂದ ಗಾಯಗೊಂಡು ದಾಖಲಾದ 1,984 ಜನರಲ್ಲಿ 53 ಮಂದಿ ಸತ್ತಿದ್ದರು, 300 ಮಂದಿಗೆ ಶಾಶ್ವತ ಊನವಾಗಿತ್ತು. ದಾಖಲಾಗುವುದು ಹೆಚ್ಚಾಗಿ ದೊಡ್ಡ ಗಾಯಗಳೇ ಅನ್ನುವುದನ್ನು ಲೆಕ್ಕಕ್ಕೆ ಹಿಡಿದರೂ ‘ಏನೂ ಆಗಲ್ಲ’ ಅನ್ನುವ ಮಾತು ಉಳಿಯುವುದಿಲ್ಲ. ಹಿಂದೆ ಇವನ್ನು ‘ಮಾರಕವಲ್ಲದ’ ಆಯುಧ ಅನ್ನುತ್ತಿದ್ದರು. ಈಗ ‘ಕಡಿಮೆ ಮಾರಕ’ ಅನ್ನುತ್ತಾರೆ. ಆ ಒಂದು ಪದ ಬದಲಾಗುವುದಕ್ಕೆ ಇಷ್ಟು ಜನ ಬೇಕಾಯಿತು.

ಇಂಥ ಗುಂಡನ್ನು ಪರೀಕ್ಷಿಸುವುದು ಹೇಗೆ? ನೀವು ವಿಜ್ಞಾನದ ಮೇಷ್ಟ್ರಾದರೂ ಅಲ್ಲದಿದ್ದರೂ ಈ ಲೆಕ್ಕ ನಿಮಗೆ ಹಿಡಿಸುತ್ತದೆ. 160 ಗ್ರಾಂ ತೂಕದ ಕ್ರಿಕೆಟ್ ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೆ ಅದರ ಚಲನಶಕ್ತಿ ಸುಮಾರು 62 ಜೌಲ್. ಚೆಂಡಿನ ಅಡ್ಡಗಲಕ್ಕೆ ಅದನ್ನು ಹಂಚಿದರೆ ಚದರ ಸೆಂಟಿಮೀಟರಿಗೆ ಒಂದೂವರೆ ಜೌಲ್ ಬರುತ್ತದೆ. ಅದೇ 62 ಜೌಲ್ ಒಂದು ಸೆಂಟಿಮೀಟರ್ ದಪ್ಪದ ಗೋಲಿಯಲ್ಲಿ ಬಂದರೆ? ಚದರ ಸೆಂಟಿಮೀಟರಿಗೆ 78 ಜೌಲ್ ದಾಟುತ್ತದೆ. ದಾನವಾಗಿ ಬಂದ ದೇಹಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಎದೆಯ ಮುಂಭಾಗದ ಪಕ್ಕೆಲುಬಿನ ಮೇಲಿನ ಚರ್ಮಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 24 ಜೌಲ್ ಬಿದ್ದರೆ ಎರಡರಲ್ಲಿ ಒಂದು ಸಲ ತೂತಾಗುತ್ತದೆ ಅಂತ ಕಂಡಿದೆ. ಕಣ್ಣಿನ ಗುಡ್ಡೆ ಒಡೆಯಲು ಅದರ ಕಾಲು ಭಾಗವೂ ಬೇಡ.

ಈಗ ದೇಹದ ಬದಲು ಪ್ರಯೋಗಶಾಲೆಯಲ್ಲಿ ಶೇಕಡಾ 20ರ ಜೆಲಟಿನ್ ಗಟ್ಟಿ ಇಡುತ್ತಾರೆ. ನೋಡಲು ತಿಳಿ ಹಳದಿ, ಮುಟ್ಟಿದರೆ ಹಲಸಿನ ತೊಳೆಯ ಹಾಗೆ ಬೆರಳಿಗೆ ಎದುರು ನಿಲ್ಲುತ್ತದೆ. ಮೇಲೆ ಒಂದು ಪದರ ಫೋಮು, ಅದರ ಮೇಲೆ ಮೆದು ಚರ್ಮ. ಗುಂಡು ಚರ್ಮವನ್ನು ಹರಿಯಿತೇ, ಬರೀ ಒತ್ತಿತೇ ಅಂತ ನೋಡುತ್ತಾರೆ. ಎದೆಗೆ ಬೀಳುವ ಪೆಟ್ಟನ್ನು ಅಳೆಯಲು ಮೂರು ಪಕ್ಕೆಲುಬಿನ ಬೊಂಬೆ ಇದೆ. ಎದೆಗೂಡು ಎಷ್ಟು ಆಳಕ್ಕೆ, ಎಷ್ಟು ವೇಗದಲ್ಲಿ ಒಳಗೆ ಹೋಯಿತು ಅಂತ ಅಳೆಯುತ್ತಾರೆ, ಏಕೆಂದರೆ ನಿಧಾನವಾಗಿ ಒತ್ತಿದರೆ ತಡೆದುಕೊಳ್ಳುವ ಹೃದಯ ಥಟ್ಟನೆ ಒತ್ತಿದರೆ ತಡೆಯುವುದಿಲ್ಲ. ಒಳ್ಳೆಯ ಪರೀಕ್ಷೆಗಳೇ. ಆದರೆ ಅಲ್ಲಿ ಗನ್ನನ್ನು ಚೌಕಟ್ಟಿಗೆ ಬಿಗಿದಿರುತ್ತಾರೆ. ಬೊಂಬೆ ಅಲ್ಲಾಡುವುದಿಲ್ಲ, ಹೆದರಿ ಬಗ್ಗುವುದಿಲ್ಲ, ಕೂಗು ಕೇಳಿ ಹಿಂದೆ ತಿರುಗುವುದಿಲ್ಲ.

ಬೀದಿಯಲ್ಲಿ ಹತ್ತಿರದಿಂದ ಹೊಡೆದರೆ ಪೆಟ್ಟು ಜೋರು, ದೂರದಿಂದ ಹೊಡೆದರೆ ಗುರಿ ತಪ್ಪು. ನಡುವೆ ಇರುವ ಕೆಲವೇ ಮೀಟರುಗಳ ಸಂದಿಯನ್ನು ‘ಸುರಕ್ಷಿತ ದೂರ’ ಅನ್ನುತ್ತೇವೆ. ಎದುರಿನವರು ಓಡಿ ಬರುತ್ತಿದ್ದರೆ ಆ ಸಂದಿ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ದೊಡ್ಡವರ ತೊಡೆಗೆ ಗುರಿಯಿಟ್ಟರೆ ಪಕ್ಕದಲ್ಲಿರುವ ಮಗುವಿನ ಮುಖ ಅದೇ ಎತ್ತರದಲ್ಲಿರುತ್ತದೆ. 2004ರಲ್ಲಿ ಬೋಸ್ಟನ್ ನಗರದಲ್ಲಿ ಬೇಸ್‌ಬಾಲ್ ಗೆಲುವಿನ ಸಂಭ್ರಮಕ್ಕೆ ಸೇರಿದ್ದ ಗುಂಪಿನ ಮೇಲೆ ಪೊಲೀಸರು ಖಾರದ ಪುಡಿ ತುಂಬಿದ ಗೋಲಿ ಹಾರಿಸಿದಾಗ ಒಂದು ಗೋಲಿ 21 ವರ್ಷದ ವಿದ್ಯಾರ್ಥಿನಿಯ ಕಣ್ಣಿಗೆ ಹೊಕ್ಕು ಆಕೆ ತೀರಿಕೊಂಡಳು.

ಪೆಲೆಟ್ ಗನ್ನಿನ ವಿಷಯದಲ್ಲಿ ಪರೀಕ್ಷೆಗೂ ಮುಂಚೆಯೇ ಉತ್ತರ ಇದೆ ಅಂತ ನನ್ನ ಅಭಿಪ್ರಾಯ. ಒಂದು ತೋಟಾದಲ್ಲಿ ನೂರಾರು ಲೋಹದ ಕಾಳು. 2016ರಲ್ಲಿ ಕಾಶ್ಮೀರದಲ್ಲಿ 32 ದಿನದಲ್ಲಿ ಸುಮಾರು 13 ಲಕ್ಷ ಕಾಳು ಹಾರಿಸಿದ್ದಾಗಿ ಸಿ.ಆರ್.ಪಿ.ಎಫ್. ಹೈಕೋರ್ಟಿಗೆ ತಿಳಿಸಿತ್ತು. ಹರಡುವುದೇ ಅದರ ಗುಣ, ಆದ್ದರಿಂದ ಹೊಡೆದವನು ಎಷ್ಟೇ ಒಳ್ಳೆಯವನಾದರೂ ಯಾವ ಕಾಳು ಯಾರ ಕಣ್ಣಿಗೆ ಅಂತ ಅವನ ಕೈಯಲ್ಲಿಲ್ಲ. ಇಂಥ ಲೋಹದ ಕಾಳು ಬಳಸಲೇಬಾರದು ಅಂತ ವಿಶ್ವಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ.

ನಮ್ಮಲ್ಲಿ ಯಾರು ಪರೀಕ್ಷಿಸುತ್ತಾರೆ ಅನ್ನುವುದು ಮುಂದಿನ ಪ್ರಶ್ನೆ. ಅಶ್ರುವಾಯು ಶೆಲ್ ತಯಾರಾಗುವುದು ಮುಖ್ಯವಾಗಿ ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿ, ಗಡಿ ಭದ್ರತಾ ಪಡೆಯ ಘಟಕದಲ್ಲಿ. 1976ರಿಂದ ಅದು ಇದೆ. ಪೊಲೀಸರ ಉಪಕರಣ ಹೇಗಿರಬೇಕು ಅಂತ ಗುಣಮಟ್ಟದ ಪಟ್ಟಿ ಮಾಡುವುದು ಗೃಹ ಸಚಿವಾಲಯದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ. ಅಂಥ ಪಟ್ಟಿಗಳಲ್ಲಿ ನಾನು ಓದಿದ ಮಟ್ಟಿಗೆ ಹೆಚ್ಚಿನ ಸಾಲು ‘ಉಪಕರಣ ಕೆಲಸ ಮಾಡುತ್ತದೆಯೇ’ ಅನ್ನುವುದರ ಬಗ್ಗೆ: ಎಷ್ಟು ದೂರ ಹೋಗಬೇಕು, ಎಷ್ಟು ಹೊತ್ತು ಹೊಗೆ ಬಿಡಬೇಕು, ಎಷ್ಟು ತೂಕ, ಎಷ್ಟು ಬಾಳಿಕೆ. ಮೈಗೆ ಏನಾಗುತ್ತದೆ ಅನ್ನುವ ಸಾಲುಗಳು ಅಷ್ಟಿಲ್ಲ. ಬ್ರಿಟನ್ನಿನಲ್ಲಿ ಹೊಸ ಆಯುಧ ಒಪ್ಪುವ ಮುಂಚೆ ವೈದ್ಯರು, ವಿಜ್ಞಾನಿಗಳ ಸ್ವತಂತ್ರ ಸಮಿತಿ ಅದರ ಅಪಾಯದ ಬಗ್ಗೆ ಬರಹದಲ್ಲಿ ಹೇಳಿಕೆ ಕೊಡಬೇಕು. ನಮ್ಮಲ್ಲೂ ಅಂಥದ್ದೊಂದು ಬೇಕು ಅಂತ ಅನೇಕ ವರ್ಷದಿಂದ ನನ್ನ ಆಸೆ. ಇನ್ನೊಂದು ಮಾತು: ಸಾಧನ ಬದಲಾದರೆ ಪರೀಕ್ಷೆಯೂ ಮೊದಲಿನಿಂದ ಆಗಬೇಕು. 2024ರ ಫೆಬ್ರುವರಿಯಲ್ಲಿ ಪಂಜಾಬ್-ಹರಿಯಾಣ ನಡುವಿನ ಶಂಭು ಗಡಿಯಲ್ಲಿ ರೈತರ ಮೇಲೆ ಹರಿಯಾಣ ಪೊಲೀಸರು ಡ್ರೋನಿನಿಂದ ಅಶ್ರುವಾಯು ಶೆಲ್ ಬೀಳಿಸಿದರು. ಗನ್ನಿನಿಂದ ಓರೆಯಾಗಿ ಹೋಗುವುದಕ್ಕೂ ನೆತ್ತಿಯ ಮೇಲಿಂದ ನೇರ ಬೀಳುವುದಕ್ಕೂ ವ್ಯತ್ಯಾಸ ಇಲ್ಲವೇ?

ಎಲ್ಲರೂ ಮರೆಯುವ ಆಯುಧ ಲಾಠಿ. ನನ್ನ ಮೇಜಿಗೆ ಬಂದ ಗಾಯಗಳಲ್ಲಿ ಅಶ್ರುವಾಯುವಿನದು ಬೆರಳೆಣಿಕೆ, ಲಾಠಿಯದು ಲೆಕ್ಕವಿಲ್ಲ. ದುಂಡನೆ ಕೋಲು ಬೆನ್ನಿಗೆ ಬಿದ್ದಾಗ ಬಿದ್ದ ಜಾಗದ ರಕ್ತ ಎರಡೂ ಪಕ್ಕಕ್ಕೆ ಸರಿಯುತ್ತದೆ, ಅಂಚಿನ ಸಣ್ಣ ರಕ್ತನಾಳ ಹರಿಯುತ್ತವೆ. ಮಾರನೇ ದಿನ ನೋಡಿದರೆ ರೈಲು ಹಳಿಯ ಹಾಗೆ ಎರಡು ನೀಲಿ ಗೆರೆ, ನಡುವೆ ಬಿಳಿಚಿದ ಪಟ್ಟಿ. ಆ ಪಟ್ಟಿಯ ಅಗಲ ಅಳೆದರೆ ಲಾಠಿಯ ದಪ್ಪ ಅಂದಾಜಾಗುತ್ತದೆ. ತೊಡೆಯ ಮೇಲಿದ್ದರೆ ವಾರದಲ್ಲಿ ಹಳದಿಯಾಗಿ ಮಾಯುತ್ತದೆ. ಅದೇ ಏಟು ತಲೆ, ಕುತ್ತಿಗೆ, ಸೊಂಟದ ಮೇಲಿನ ಮೂತ್ರಪಿಂಡದ ಜಾಗಕ್ಕೆ ಬಿದ್ದರೆ ಕಡಿಮೆ ಮಾರಕ ಅನ್ನುವ ಮಾತಿಗೆ ಬೆಲೆಯಿಲ್ಲ. ಬಿದಿರು ಹೋಗಿ ಪಾಲಿಕಾರ್ಬೊನೇಟ್ ಲಾಠಿ ಬಂದಿದೆ. ಅದು ಮುರಿಯುವುದಿಲ್ಲ ಅಂತ ಪರೀಕ್ಷೆ ಆಗಿರುತ್ತದೆ. ಮುರಿಯದ ಕೋಲಿನ ಏಟು ಮೂಳೆಗೆ ಏನು ಮಾಡುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ.

1969ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಲಂಡನ್‌ಡೆರಿಯಲ್ಲಿ ಮನೆಗಳ ನಡುವೆ ಸಿ.ಎಸ್. ಹಾರಿಸಿದಾಗ ಜನ ನೀವು ಕೇಳಿದ ಪ್ರಶ್ನೆಯನ್ನೇ ಕೇಳಿದ್ದರು. ಬ್ರಿಟಿಷ್ ಸರ್ಕಾರ ಸರ್ ಹೆರಾಲ್ಡ್ ಹಿಮ್ಸ್‌ವರ್ತ್ ಅವರ ಸಮಿತಿ ನೇಮಿಸಿತು. 1971ರ ವರದಿಯಲ್ಲಿ ಅವರು ಹೇಳಿದ್ದರ ಸಾರ ಇದು: ಇಂಥ ವಸ್ತುವನ್ನು ಆಯುಧದ ಹಾಗೆ ನೋಡಬೇಡಿ, ಹೊಸ ಔಷಧದ ಹಾಗೆ ಪರೀಕ್ಷಿಸಿ. ಔಷಧವಾದರೆ ಎಳೆಯರು, ಮುದುಕರು, ಬಸುರಿಯರು, ಕಾಯಿಲೆಯವರು ಎಲ್ಲರ ಮೇಲಿನ ಪರಿಣಾಮ ಕೇಳುತ್ತೇವೆ. ಬ್ಯಾಚ್ ನಂಬರ್ ಇರುತ್ತದೆ. ಮಾರುಕಟ್ಟೆಗೆ ಬಂದ ಮೇಲೂ ಅಡ್ಡಪರಿಣಾಮ ಬರೆದಿಡುವ ವ್ಯವಸ್ಥೆ ಇರುತ್ತದೆ. ನಮ್ಮ ದೇಶದಲ್ಲೂ 2010ರಿಂದ ಔಷಧಕ್ಕೆ ಅಂಥ ರಾಷ್ಟ್ರೀಯ ಕಾರ್ಯಕ್ರಮ ಇದೆ. ಜ್ವರದ ಮಾತ್ರೆಗೆ ಮೈಮೇಲೆ ಗಂಧೆ ಎದ್ದರೆ ಅದಕ್ಕೆ ಒಂದು ಫಾರಂ ಉಂಟು. ಶೆಲ್ ಬಿದ್ದು ಕಣ್ಣು ಹೋದರೆ ಅಂಥ ಫಾರಂ ಇಲ್ಲ.

ಆದರೆ ಗಾಯ ಬರುವುದು ನಮ್ಮ ಬಳಿಗೇ. ನಾವು ಬರೆಯುವುದೇನು? ‘ಮೊಂಡಾದ ವಸ್ತುವಿನಿಂದ ಆದ ಸಾದಾ ಗಾಯ.’ ನಾನೂ ಎಷ್ಟೋ ವರ್ಷ ಹಾಗೇ ಬರೆದೆ. ಲಾಠಿಯೋ, ರಬ್ಬರ್ ಗುಂಡೋ, ಶೆಲ್ಲಿನ ಡಬ್ಬಿಯೋ, ಎಷ್ಟು ದೂರದಿಂದ, ಯಾವ ಬ್ಯಾಚು, ಒಂದನ್ನೂ ಬರೆಯಲಿಲ್ಲ. ಆ ಕಾಗದ ಕೋರ್ಟಿಗೆ ಹೋಗಿ ಅಲ್ಲೇ ಉಳಿಯಿತು. ಬೆಲ್‌ಫಾಸ್ಟಿನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ವೈದ್ಯರು ಹಾಗೆ ಬಿಡಲಿಲ್ಲ. ತಮ್ಮಲ್ಲಿಗೆ ಬಂದ ರಬ್ಬರ್ ಗುಂಡಿನ 90 ಗಾಯಾಳುಗಳ ಚೀಟಿ ಕೂಡಿಸಿ 1975ರಲ್ಲಿ ಪ್ರಕಟಿಸಿದರು. ಒಬ್ಬರ ಸಾವು, 17 ಮಂದಿಗೆ ಶಾಶ್ವತ ಊನ, ಇಬ್ಬರಿಗೆ ಎರಡೂ ಕಣ್ಣು ಹೋಗಿತ್ತು. ಪ್ರಯೋಗಶಾಲೆಗೆ ಕಾಣದ್ದು ವಾರ್ಡಿನಲ್ಲಿ ಕಂಡಿತು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಇದಕ್ಕೆ ಹಣ ಬೇಡ, ಯಂತ್ರ ಬೇಡ. ಪ್ರಮಾಣಪತ್ರದಲ್ಲಿ ಎರಡು ಸಾಲು ಹೆಚ್ಚು ಬರೆದರೆ ಸಾಕು. ಈಗ ನನ್ನ ವಿದ್ಯಾರ್ಥಿಗಳಿಂದ ಅದನ್ನು ಬರೆಸುತ್ತಿದ್ದೇನೆ.

ನೀವು ಏನು ಮಾಡಬಹುದು? ಮೊದಲು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಒಂದು ಕಾಗದ ಬರೆಯಿರಿ. ಜಗಳದ ಧಾಟಿ ಬೇಡ. ಅಣಕು ಪ್ರದರ್ಶನದ ಹಿಂದಿನ ದಿನ ಬಡಾವಣೆಗೆ ತಿಳಿಸಲಿ, ಗಾಳಿಯ ದಿಕ್ಕು ನೋಡಲಿ, ಅಭ್ಯಾಸಕ್ಕೆ ಘಾಟಿಲ್ಲದ ಬರೀ ಹೊಗೆಯ ಶೆಲ್ ಬಳಸಲಿ, ಮುಗಿದ ಮೇಲೆ ಮೈದಾನವನ್ನು ಹುಡುಕಿ ಎಲ್ಲ ಡಬ್ಬಿಗಳನ್ನು ಎಣಿಸಿ ಒಯ್ಯಲಿ ಅಂತ ಕೇಳಿ. ಬಡಾವಣೆಯ ಹತ್ತು ಜನ ಸಹಿ ಹಾಕಿದರೆ ಒಳ್ಳೆಯದು. ಮಗ ಅದೇ ಇಲಾಖೆಯಲ್ಲಿದ್ದಾನೆ, ತೊಂದರೆಯಾದೀತೇ ಅಂತ ನಿಮಗೆ ಅನಿಸಬಹುದು, ಅದು ಸಹಜ. ಹಾಗಿದ್ದರೆ ಬಡಾವಣೆಯ ಸಂಘದ ಹೆಸರಲ್ಲಿ ಕಳಿಸಿ.

ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಎಷ್ಟು ದಾಸ್ತಾನು ಇದೆ ಅಂತ ಕೇಳಿದರೆ ಭದ್ರತೆಯ ಕಾರಣ ಹೇಳಿ ನಿರಾಕರಿಸಬಹುದು. ಅವಧಿ ಮೀರಿದ್ದನ್ನು ವಿಲೇವಾರಿ ಮಾಡುವ ಕ್ರಮ ಏನು, ಆ ದಿನ ಬಳಸಿದ ಶೆಲ್ಲಿನ ತಯಾರಿಕೆಯ ವರ್ಷ ಯಾವುದು, ಇಷ್ಟನ್ನೇ ಕೇಳಿ. ಪ್ರಶ್ನೆ ಚಿಕ್ಕದಿದ್ದಷ್ಟೂ ನಿರಾಕರಿಸುವುದು ಕಷ್ಟ. ನಿಜವಾಗಿ ಗಾಯವಾದವರಿಗೆ ಪೊಲೀಸ್ ದೂರು ಪ್ರಾಧಿಕಾರದ ದಾರಿಯೂ ಇದೆ, ಆದರೆ ಅಲ್ಲಿ ಕಾಗದವಿಲ್ಲದ ಮಾತಿಗೆ ತೂಕ ಕಡಿಮೆ. ಅದೇ ದಿನ ಆಸ್ಪತ್ರೆಗೆ ಹೋಗಿ ಎಂ.ಎಲ್.ಸಿ. (ಕಾನೂನಿಗೆ ಬೇಕಾಗುವ ಗಾಯದ ದಾಖಲೆ) ಮಾಡಿಸಬೇಕು, ಗಾಯದ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೆಯಬೇಕು, ಎರಡನೇ ದಿನ ಮತ್ತೆ ತೆಗೆಯಬೇಕು, ಏಕೆಂದರೆ ಹಳಿಯ ಗೆರೆ ಸ್ಪಷ್ಟವಾಗುವುದು ಆಮೇಲೆ.

ಮನೆಯಲ್ಲಿ ಮತ್ತೆ ಹೊಗೆ ಬಂದರೆ: ಅದು ಕೆಳಗೆ ಕೂರುವ ಸ್ವಭಾವದ್ದು, ಮನೆಯವರನ್ನು ಮಹಡಿಗೆ ಅಥವಾ ಗಾಳಿ ಬರುವ ದಿಕ್ಕಿಗೆ ಕರೆದೊಯ್ಯಿರಿ. ಕಣ್ಣು ಉಜ್ಜಬಾರದು, ಧಾರಾಳವಾಗಿ ತಣ್ಣೀರು ಹಾಕಬೇಕು. ಕೊಬ್ಬರಿ ಎಣ್ಣೆ, ಕ್ರೀಮು ಹಚ್ಚಬೇಡಿ, ಪುಡಿ ಅದಕ್ಕೇ ಅಂಟುತ್ತದೆ. ಖಾರದ ಸ್ಪ್ರೇ ತಾಗಿದವರಿಗೆ ಹಾಲು, ಶಾಂಪೂ ಎಲ್ಲ ಹಾಕಿ ಹೋಲಿಸಿ ನೋಡಿದ್ದಾರೆ, ನೀರಿಗಿಂತ ಯಾವುದೂ ಹೆಚ್ಚೇನೂ ಮಾಡಲಿಲ್ಲ. ಒಣಹಾಕಿದ ಬಟ್ಟೆ ಒಳಗೆ ತರಬೇಡಿ, ಮತ್ತೆ ಒಗೆಯಿರಿ. ಇನ್‌ಹೇಲರ್ ಬೀರುವಿನಲ್ಲಿ ಬೇಡ, ಅಡುಗೆಮನೆಯ ಕಿಟಕಿಯ ಹತ್ತಿರ, ಅವರ ಕೈಗೆ ಸಿಗುವಂತೆ ಇರಲಿ. ಅದನ್ನು ಎಳೆದ ಮೇಲೂ ಮಾತನಾಡುವಾಗ ವಾಕ್ಯ ಮುಗಿಸಲು ಉಸಿರು ಸಾಲದೆ ಹೋದರೆ ಕಾಯಬೇಡಿ, ಆಟೊ ಸಿಕ್ಕರೆ ಆಟೊದಲ್ಲೇ ಹೊರಡಿ.